ಕೂಸಿನ ಹೆಸರು ಕೇಳಿದ ಅಯ್ಯನವರು

ಪೂಜ್ಯ ಸುವಾರ್ತಪ್ಪನವರು ಧಾರವಾಡ ಸೀಮೆಯ ಒಂದು ಚಿಕ್ಕ ಕ್ರೈಸ್ತ ಸಭೆಗೆ ಪಾಲಕರಾಗಿದ್ದ ಕಾಲವದು. ಜನ ಅವರನ್ನು ಅಯ್ಯನವರೆಂದೇ ಕರೆಯುತ್ತಿದ್ದರು. ದೇವಾಲಯದ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಒಬ್ಬರೇ ಇದ್ದರು, ಅಡುಗೆಯನ್ನೂ ತಾವೇ ಮಾಡಿಕೊಳ್ಳುತ್ತಿದ್ದರು. ದೇವರ ಬಳಿಗೆ ಬರುವವನು ಚಪ್ಪಲಿಯ ಜೊತೆ ಬುದ್ಧಿಯನ್ನೂ ಹೊರಗೆ ಬಿಡಬೇಕಾಗಿಲ್ಲವೆಂದು ಅವರು ಬೋಧಿಸುತ್ತಿದ್ದರು. ನೆರೆಯವನ ಪೂಜೆಯನ್ನು ಹೀಗಳೆಯುವವನ ಪ್ರಾರ್ಥನೆ ಮನೆಯ ಸೂರನ್ನು ದಾಟಿ ಮೇಲೇರದೆಂದೂ ಹೇಳುತ್ತಿದ್ದರು. ತಾಳ್ಮೆ ಮಾತ್ರ ಅವರಿಗೆ ಸಹಜವಾಗಿ ಬಂದದ್ದಲ್ಲ. ದಿನವೂ ದೇವರಲ್ಲಿ ಬೇಡಿ ಪಡೆಯುತ್ತಿದ್ದರು. ಕೆಲವು ದಿನ ಅದು ಸಾಲುತ್ತಿರಲಿಲ್ಲ.

ಎಲಿಷಪ್ಪ ಬೆನ್ನೂರರು ಬಂದದ್ದು ಅಂಥದೊಂದು ದಿನ. ಅವರು ಸಭೆಯ ಹಿರಿಯರು, ನಿವೃತ್ತ ಹೆಡ್ಮಾಸ್ತರರು. ಮಗಳು ಕರುಣಾ ಲಿಂಗಾಯತರ ಮನೆಯ ಮಲ್ಲಯ್ಯನನ್ನು ಮದುವೆಯಾಗಿ ಎರಡು ವರ್ಷವಾಗಿತ್ತು. ಅವಳ ಹೆಸರನ್ನು ಸಭೆಯ ಪಟ್ಟಿಯಿಂದ ಹೊಡೆದುಹಾಕಬೇಕೆಂಬುದು ತಂದೆಯ ಹಟ. ಅಯ್ಯನವರು ಒಪ್ಪಿರಲಿಲ್ಲ. ಮೂರು ವಾರದಿಂದ ಎಲಿಷಪ್ಪನವರು ದಿನ ಬಿಟ್ಟು ದಿನ ವಾದಕ್ಕೆ ಬರುತ್ತಿದ್ದರು, ಬಂದಾಗಲೆಲ್ಲ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಅಂದೂ ಅಯ್ಯನವರು ಸೀದ ಪಾತ್ರೆಗೆ ಬೂದಿ ಹಾಕಿ ತಿಕ್ಕುತ್ತ ಕುಳಿತಿದ್ದರು.

“ಸತ್ಯವೇದದಾಗ ಹದಿನಾಲ್ಕು ಕಡೆ ಗುರುತು ಹಾಕಿ ತಂದೀನ್ರಿ,” ಎಂದರು ಎಲಿಷಪ್ಪನವರು. “ಒಂದೊಂದ ಓದ್ತೀನಿ, ಕೇಳ್ರಿ.”

ನಾಲ್ಕನೆಯದು ಮುಗಿಯುವ ಹೊತ್ತಿಗೆ ಅಯ್ಯನವರು ಪಾತ್ರೆಯನ್ನು ಕೆಳಗಿಟ್ಟರು.

“ಕರುಣಾಗ ಕೂಸು ಹುಟ್ಟೈತಲ್ಲ, ಅದರ ಹೆಸರೇನ್ರಿ?”

ಕೂಸಿಗೆ ಎಂಟು ತಿಂಗಳಾಗಿತ್ತು. ಮಗಳ ಮನೆ ಮೂರು ಮೈಲಿ ದೂರ.

“ಗೊತ್ತಿಲ್ರಿ.”

“ಕೇಳಿಕೊಂಡ ಬರ್ರಿ. ಮೊಮ್ಮಗಳ ಹೆಸರು ಗೊತ್ತಿಲ್ಲದವರ ಕೂಡ ನಾ ದೇವರ ಮಾತು ಆಡಂಗಿಲ್ಲ.”

ಎಲಿಷಪ್ಪನವರಿಗೆ ಮೈ ಉರಿದುಹೋಯಿತು. ಹೆಸರು ತಿಳಿದುಕೊಂಡು ಬಂದು ಉಳಿದ ಹತ್ತನ್ನೂ ಓದಿಯೇ ತೀರುತ್ತೇನೆಂದು ಆ ಬಿಸಿಲಲ್ಲೇ ನಡೆದರು. ಬಾಗಿಲು ತೆರೆದ ಮಗಳನ್ನು ಹೊಸ್ತಿಲಾಚೆಯಿಂದಲೇ ಕೇಳಿದರು: “ಕೂಸಿನ ಹೆಸರೇನು? ಅಯ್ಯನವರು ಕೇಳ್ಯಾರ.”

ಕರುಣಾ ಕೂಸನ್ನು ಸೊಂಟಕ್ಕೇರಿಸಿಕೊಂಡಳು. “ಇನ್ನೂ ಇಟ್ಟಿಲ್ಲಪ್ಪ. ನಮ್ಮ ಮನ್ಯಾಗ ಮೊದಲ ಕೂಸಿಗೆ ಅಜ್ಜನೇ ಹೆಸರಿಡಬೇಕು ಅಂತ ನೀನ ಹೇಳ್ತಿದ್ದಿ. ನಮ್ಮತ್ತಿಯವರೂ, ಬೀಗರು ಬರಲಿ, ಕಾಯೋಣು ಅಂದ್ರು.”

ಎಲಿಷಪ್ಪನವರು ಒಳಗೆ ಕಾಲಿಡಲಿಲ್ಲ. ಬಂದ ದಾರಿಯಲ್ಲೇ ಮರಳಿ ಅಯ್ಯನವರ ಬಾಗಿಲಲ್ಲಿ ನಿಂತರು. ಕಣ್ಣು ಕೆಂಪಾಗಿದ್ದವು.

“ಏನಂತ ಹೆಸರು?”

“ನಾನ ಇಡಬೇಕಂತ್ರಿ.”

“ಮತ್ತ ಇಲ್ಲ್ಯಾಕ ಬಂದು ನಿಂತೀರಿ?” ಎಂದು ಅಯ್ಯನವರು ಗದರಿದರು. “ಹೋಗ್ರಿ.”

ಅಂದು ಎಲಿಷಪ್ಪನವರು ಎರಡನೆಯ ಸಲ ಆ ಮೂರು ಮೈಲಿ ನಡೆದರು. ಅವರು ತಲುಪಿದಾಗ ಬೀಗತಿ ಲಿಂಗಪೂಜೆಗೆ ಕುಳಿತಿದ್ದರು. ಎಲಿಷಪ್ಪನವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಪೂಜೆ ಮುಗಿಯುವವರೆಗೂ ಸುಮ್ಮನೆ ಕಾದರು. ಆಮೇಲೆ ಬಾಗಿ, ಅದರ ಕಿವಿಯಲ್ಲಿ ‘ಕೃಪಾ’ ಎಂದು ಮೂರು ಸಲ ಹೇಳಿದರು.