ನೆಟ್ಟಗೆ ನಿಂತ ಗೆರೆ

“ಗುರುಗಳೇ, ಈ ಹಂಬಲ ನಿಲ್ಲುವುದು ಯಾವಾಗ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಧ್ಯಾನಕ್ಕೆ ಕುಳಿತರೆ ಮನಸ್ಸು ಅವಳ ಅಡುಗೆಮನೆಗೆ ಓಡುತ್ತಿತ್ತು. ಎಳೆದು ತಂದರೆ ಮತ್ತೆ ಓಡುತ್ತಿತ್ತು. ಒಮ್ಮೆ ಅವಳನ್ನು ನೋಡಬೇಕೆಂದು ಜೀವ ಹಾತೊರೆಯುತ್ತಿತ್ತು. ಅದಕ್ಕೇ ಅವನಿಗೆ ನಾಚಿಕೆ. ಅವಳ ಕಾಗದಗಳಿಗೆ ಉತ್ತರ ಬರೆಯುವುದನ್ನೂ ಬಿಟ್ಟಿದ್ದ.

ಗುರುಗಳು ಸನ್ಯಾಸಕ್ಕೆ ಮೊದಲು ಟ್ಯಾಕ್ಸಿ ಓಡಿಸಿದವರು. ಅವರ ಕತೆಗಳಲ್ಲಿ ಋಷಿಗಳಿಗಿಂತ ಮೆಕ್ಯಾನಿಕ್‌ಗಳೇ ಹೆಚ್ಚು. ಕೇಳು ಎಂದು ಶುರುಮಾಡಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಕಾರಿನ ಕಾಯಿಲೆ ಹೇಳುವ ಸಾಫ್ಟ್‌ವೇರನ್ನು ತಾನೇ ಬರೆದುಕೊಂಡಿದ್ದ. ಕಾರಿನ ಹೊಗೆಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಎಂಬುದೊಂದಿರುತ್ತದೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿ, ಪೆಟ್ರೋಲು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಎಂಜಿನ್ನಿಗೆ ತಿಳಿಸುವುದು ಅದರ ಕೆಲಸ. ಪರದೆಯ ಮೇಲೆ ಅದರ ಗೆರೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಏರುವುದು, ಇಳಿಯುವುದು, ಇದೇ ಆಯಿತು. ನೋಡಿದ ಗಿರಾಕಿಗಳು ಗಾಬರಿಯಾಗುತ್ತಿದ್ದರು. ಸಾಫ್ಟ್‌ವೇರಿನಲ್ಲೇ ತಪ್ಪಿರಬೇಕೆಂದು ಅವನು ಒಂದು ತಿದ್ದುಪಡಿ ಹಾಕಿದ. ಏರಿದ್ದನ್ನೂ ಇಳಿದದ್ದನ್ನೂ ಕೂಡಿಸಿ ಸರಾಸರಿಯನ್ನಷ್ಟೇ ತೋರಿಸುವಂತೆ ಮಾಡಿದ. ಗೆರೆ ನಟ್ಟನಡುವೆ ನೆಟ್ಟಗೆ ನಿಂತಿತು. ಮಹರಾಯ ಹಿಗ್ಗಿ ಹೀರೇಕಾಯಿಯಾದ.

ಒಬ್ಬ ಹೆಂಗಸು ಕಾರು ತಂದಳು. ಕಪ್ಪು ಹೊಗೆ ಬರುತ್ತಿದೆ, ಪೆಟ್ರೋಲು ವಿಪರೀತ ಕುಡಿಯುತ್ತಿದೆ ಎಂದಳು. ಅವನು ನೋಡಿದ. ಗೆರೆ ನೆಟ್ಟಗಿತ್ತು. ಏನೂ ತೊಂದರೆಯಿಲ್ಲ ಎಂದು ಕಳಿಸಿಬಿಟ್ಟ. ತಿಂಗಳೊಪ್ಪತ್ತಿನಲ್ಲಿ ಕಾರು ನಡುದಾರಿಯಲ್ಲಿ ಕೆಟ್ಟು ನಿಂತಿತು. ದೂರದೂರಿನಲ್ಲಿ ಸಾವಿನ ಹಾಸಿಗೆಯಲ್ಲಿದ್ದ ತಮ್ಮನನ್ನು ನೋಡಲು ಅವಳು ಹೊರಟಿದ್ದಳು. ತಲುಪುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

ಎಳೆದು ತಂದ ಕಾರನ್ನು, ಮೆಕ್ಯಾನಿಕ್‌ಗೆ ಕೆಲಸ ಕಲಿಸಿದ್ದ ಮುದುಕ ಬಂದು ನೋಡಿದ. ಮೊದಲು ತಿದ್ದುಪಡಿ ತೆಗೆಸಿದ. ಆಗಲೂ ಗೆರೆ ಅಲುಗಲಿಲ್ಲ.

“ಸೆನ್ಸರ್ ಸತ್ತು ಎಷ್ಟೋ ದಿನ ಆಗಿದೆ ಕಣಯ್ಯ,” ಎಂದ ಮುದುಕ. “ಜೀವ ಇದ್ದಿದ್ರೆ ಓಲಾಡ್ತಾ ಇರ್ತಿತ್ತು. ನಿನ್ನ ತಿದ್ದುಪಡೀಲಿ ಬದುಕಿದ್ದೂ ಒಂದೇ, ಸತ್ತದ್ದೂ ಒಂದೇ.”

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅಕ್ಕನ ನೆನಪು ನಿಲ್ಲುವುದೇ ಇಲ್ಲವೇ, ಗುರುಗಳೇ?”

“ನಿಂತ ದಿನ ಬಂದು ಹೇಳು ಮಗನೇ, ಅವತ್ತು ನಿನಗಾಗಿ ನಾನು ಅಳುತ್ತೇನೆ.”