ದರ್ಬಾರಿಗೆ ಹೋದ ಎಡಗಾಲಿನ ಹೀಲ್ಸ್

ಹೆಂಗಸರ ಕಾಲಿನ ನೋವನ್ನು ಚಪ್ಪಲಿಯ ಹತ್ತಿರ ವಿಚಾರಿಸಿದರು. ನಡೆದ ಅನ್ಯಾಯ ಇಷ್ಟೇ. ಹೇಗೆ ನಡೆಯಿತು ಹೇಳುತ್ತೇನೆ, ಕೂತು ಕೇಳಿ.

ಒಂದಾನೊಂದು ಊರಿನಲ್ಲಿ, ಸೂರ್ಯನೇ ನೆರಳು ಹುಡುಕುವಂಥ ಊರಿನಲ್ಲಿ, ಒಬ್ಬ ರಾಜನಿದ್ದ. ಅವನಿಗೆ ಟಕ್ ಟಕ್ ಸದ್ದೆಂದರೆ ಪ್ರಾಣ. ಒಂದು ಬೇಸಿಗೆ ಡಂಗುರ ಹೊಡೆಸಿದ: "ನೆಲ ಕಾದಿದೆ. ಹೆಂಗಸರೆಲ್ಲ ನೆಲದಿಂದ ಗೇಣೆತ್ತರ ಇರತಕ್ಕದ್ದು. ಹೀಲ್ಸ್ ಹಾಕಲಿ. ತಂಪಿಗೆ ತಂಪು, ಚೆಂದಕ್ಕೆ ಚೆಂದ."

ಅರಮನೆಗೆ ನೀರು ಹೊರುವ ದುರುಗವ್ವನ ಕಾಲಲ್ಲಿ ಚಪ್ಪಟೆ ಚಪ್ಪಲಿ ಇದ್ದವು. ಮೆತ್ತಗಿನ ತೊಗಲು, ಹೆಬ್ಬೆರಳು ತೂರಿಸಲು ಉಂಗುಷ್ಟದ ಕುಣಿಕೆ. ತಳವಾರ ಊರ ಹೆಂಗಸರೆಲ್ಲರ ಚಪ್ಪಲಿಯಂತೆ ಅವನ್ನೂ ಕಿತ್ತುಕೊಂಡು ಉಗ್ರಾಣಕ್ಕೆ ಎಸೆದ. ಹೀಲ್ಸ್ ಕೊಟ್ಟ.

"ಬಿಗೀತೈತೋ ಯಣ್ಣಾ."

"ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತೈತಿ ಯವ್ವಾ."

"ನೀ ಹಾಕ್ಕೊಂಡು ನೋಡೀಯೇನು?"

"ನಾ ಯಾಕ ನೋಡ್ಲಿ? ನಾ ಗಂಡಸು."

ಸಡಿಲಾಗಲಿಲ್ಲ. ಕಾಲು ಬಾತಿತು. ಊರ ಹೆಂಗಸರೆಲ್ಲ ದೂರು ಹೇಳಲು ಹೋದರು. ಆದರೆ ದರ್ಬಾರಿನೊಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಅದು ಹಳೇ ಕಾನೂನು. ಹೀಲ್ಸ್ ಇಲ್ಲದೆ ರಾಜನೆದುರು ನಿಲ್ಲುವಂತಿಲ್ಲ, ಅದು ಹೊಸ ಕಾನೂನು. ಮಂತ್ರಿ ತಲೆ ಕೆರೆದುಕೊಂಡು ಎರಡನ್ನೂ ಉಳಿಸಿದ: "ಹೆಂಗಸರು ಹೊರಗಿರಲಿ. ಹೀಲ್ಸ್ ಒಳಗೆ ಬರಲಿ."

ಹೀಲ್ಸ್ ಒಳಗೆ ನಡೆದು ಇದ್ದಬದ್ದ ಕುರ್ಚಿಗಳ ಮೇಲೆಲ್ಲ ಕೂತವು. ಹೆಂಗಸರು ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರು.

"ನೋವಿದೆಯಾ?" ರಾಜ ಹೀಲ್ಸನ್ನು ಕೇಳಿದ.

"ನಮಗೆಂಥ ನೋವು ಮಹಾಪ್ರಭು? ತುಂಬ ಆರಾಮ."

"ಆರಾಮವಂತೆ! ಮತ್ತೆ ಈ ಬಲಗಾಲಿನದು ಯಾಕೆ ಒಂಟಿ?"

"ನನ್ನ ಜೋಡಿ ದುರುಗವ್ವನ ಎಡಗಾಲಲ್ಲಿದೆ ಪ್ರಭು. ಕಾಲು ಬಾತಿದೆ, ಕಳಚಲು ಬರುತ್ತಿಲ್ಲ."

"ಒಂಟಿ ಚಪ್ಪಲಿ ಅಪಶಕುನ! ಕರೆತನ್ನಿ."

ಬಾಗಿಲು ಕಾಯುವವನು ಕೂಗಿದ: "ಎಡಗಾಲಿನ ಹೀಲ್ಸ್ ಬರ್ತಾ ಇದೇ! ಮೇಲೆ ಸ್ವಲ್ಪ ಹೆಂಗಸು ಅಂಟಿಕೊಂಡಿದ್ದಾಳೇ!"

ದುರುಗವ್ವ ಕುಂಟುತ್ತ ಬಂದಳು. ರಾಜ ಅವಳ ಕಾಲಿನ ಹೀಲ್ಸನ್ನು ಕೇಳಿದ:

"ನೋವಿದೆಯಾ?"

"ಐತ್ರೀ. ಜೀವ ಹೋಗಾಕತ್ತೈತಿ," ಅಂದಳು ದುರುಗವ್ವ.

ದರ್ಬಾರು ನಡುಗಿತು. ಚಪ್ಪಲಿಯೊಂದು ನೋವು ಅಂದಿತು! ರಾಜನ ಕಣ್ಣು ತುಂಬಿತು. "ಯಾರಮ್ಮ ನೋಯಿಸಿದ್ದು?"

"ಆ ಕಾಲೇ ಪ್ರಭು," ಬಲಗಾಲಿನದು ಚಾಡಿ ಹೇಳಿತು.

"ಕಾಲು ಕಡಿಯಿರಿ!"

ದುರುಗವ್ವ ಹೀಲ್ಸಿನ ಕಾಲನ್ನೇ ಮುಂದೆ ಚಾಚಿದಳು. "ಕಡೀರಿ ಧಣಿ. ಆಮ್ಯಾಲೆ ಈ ಪಾಪದ ಹೀಲ್ಸಿಗೆ ಯಾರ ಕಾಲು? ಅದಕ್ಕ ನೆಲಾನ ಮೆಟ್ಟದಂಥ ಮೆತ್ತನ ಕಾಲು ಬೇಕು."

ಎಲ್ಲರೂ ಯೋಚಿಸಿದರು. ಅಂಥ ಕಾಲು ರಾಜ್ಯದಲ್ಲಿ ಒಂದೇ ಜೊತೆ ಇತ್ತು. ಸಿಂಹಾಸನದಿಂದ ಜೋತಾಡುತ್ತಿತ್ತು.

ಎಣ್ಣೆ ಸುರಿದು ದುರುಗವ್ವನ ಹೀಲ್ಸ್ ಎಳೆದರು. ಬಲಗಾಲಿನದನ್ನೂ ಕೂಡಿಸಿ ರಾಜನಿಗೆ ತೊಡಿಸಿ ನಿಲ್ಲಿಸಿದರು. ಟಕ್. ಟಕ್. "ಅಯ್ಯಯ್ಯೋ! ತೆಗೀರಿ! ಕುರ್ಚಿ ಕೊಡಿ!"

ಕುರ್ಚಿಯ ಮೇಲೆಲ್ಲ ಹೀಲ್ಸ್ ಕೂತಿದ್ದವು. ಸಿಂಹಾಸನದ ಮೇಲೂ ಒಂದು ಜೊತೆ ಹತ್ತಿ ಕೂತಾಗಿತ್ತು.

"ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತೈತ್ರೀ ಧಣಿ," ಎಂದಳು ದುರುಗವ್ವ.

ಮಂತ್ರಿ ಕೈಮುಗಿದ. "ಇಲ್ಲಿ ಕಾಲಿನ ಮಾತು ನಡೆಯುವುದಿಲ್ಲ ಪ್ರಭು. ಚಪ್ಪಲಿಯನ್ನೇ ಕೇಳಬೇಕು." ಕೇಳಿದರು.

"ತುಂಬ ಆರಾಮ," ಎಂದಿತು ರಾಜನ ಕಾಲಿನ ಹೀಲ್ಸ್.

ದುರುಗವ್ವ ಉಗ್ರಾಣದ ಕದ ತೆರೆದಳು. ತನ್ನ ಚಪ್ಪಲಿ ಮೆಟ್ಟಿ, ಉಳಿದವರದನ್ನು ಉಡಿಯಲ್ಲಿ ತುಂಬಿಕೊಂಡು ಹೋಗಿ ಕೊಟ್ಟಳು. ಹೆಂಗಸರು ಮನೆಗೆ ನಡೆದರು. ಒಂದು ಟಕ್ ಕೂಡ ಕೇಳಲಿಲ್ಲ. ರಾಜ ಇನ್ನೂ ನಿಂತೇ ಇದ್ದಾನೆ.

ಕತೆ ಕಾಲಿಗೆ ಬುದ್ಧಿ ಹೇಳಿತು. ಇನ್ನು ಎದ್ದೇಳಿ. ಈ ಬೇಸಿಗೆ ಅಂಗಡಿಗೆ ಹೋದರೆ ನಾಲ್ಕು ಹೆಜ್ಜೆ ನಡೆದು ನೋಡಿ. ಬಿಗಿದರೆ ಅಲ್ಲೇ ಕಳಚಿ. ಸಡಿಲಾಗುತ್ತದೆ ಅಂದವನ ಮುಂದೆ ಆ ಜೋಡಿ ಇಟ್ಟು ಹೇಳಿ: ಮೊದಲು ನೀನು ನಡಿ.