ಗುರುತು ಕೊರೆದ ಹಲಗೆಗಳು

“ಗುರುಗಳೇ, ಪಕ್ಕದವನಿಗಿಂತ ನನ್ನ ಪಾಲು ಕಡಿಮೆಯಿದೆ. ಅದನ್ನು ಮಾರಿಕೊಳ್ಳಲೇ, ಹಿಡಿದಿಟ್ಟುಕೊಳ್ಳಲೇ?”

ಹೀಗೆ ಕೇಳಿದವನು ಪಂಚಾಕ್ಷರಿ ಎಂಬ ಶಿಷ್ಯ. ಹಾಲಿನ ಕೊಬ್ಬು ಅಳೆಯುವ ಯಂತ್ರ ತಯಾರಿಸುವ ಒಂದು ಹೊಸ ಕಂಪನಿಯಲ್ಲಿ ಅವನಿಗೆ ಕೆಲಸ. ಕಂಪನಿ ಸಂಬಳದ ಜೊತೆಗೆ ಷೇರುಗಳನ್ನೂ ಕೊಟ್ಟಿತ್ತು. ಮುಂದಿನ ವರ್ಷ ಅದು ಷೇರುಪೇಟೆಗೆ ಬರುವುದಿತ್ತು. ಅದಕ್ಕೆ ಮುಂಚೆ ಬೇಕಾದವರು ಒಂದಿಷ್ಟು ಮಾರಿಕೊಳ್ಳಬಹುದು ಎಂದು ಮಾಲೀಕರು ಹೇಳಿದ್ದರು. ಪಕ್ಕದ ಮೇಜಿನವನು ಇವನಿಗಿಂತ ಮೊದಲು ಸೇರಿದವನು. ಅವನ ಷೇರು ಇವನದರ ನಾಲ್ಕರಷ್ಟು. ಅವನು ಸ್ವಲ್ಪ ಮಾರಿದ. ಪಂಚಾಕ್ಷರಿಗೂ ಹಣ ಬೇಕಿತ್ತು, ಮಗಳ ಕಿವಿಯ ಆಪರೇಷನ್ ಬಾಕಿಯಿತ್ತು. ಆದರೂ ಮಾರಲು ಮನಸ್ಸು ಬರಲಿಲ್ಲ. ಮಾರದೆ ಇಟ್ಟುಕೊಂಡರೆ ಇಂದಲ್ಲ ನಾಳೆ ಪಕ್ಕದವನನ್ನು ಹಿಂದೆ ಹಾಕಬಹುದಲ್ಲ ಎಂಬ ಆಸೆ ಅವನನ್ನು ತಿನ್ನುತ್ತಿತ್ತು.

ಗುರುಗಳು ಮಾರು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ವರ್ತಕ ದೊಡ್ಡ ಹಡಗು ಕಟ್ಟಿಸಲು ಹೊರಟ. ಆಸೆ ದೊಡ್ಡದು, ಹಣದ ಚೀಲ ಚಿಕ್ಕದು. ಬಡಗಿಗಳಿಗೆ ಅರ್ಧ ಕೂಲಿಯನ್ನು ಹಣದಲ್ಲಿ ಕೊಡುವುದು, ಉಳಿದರ್ಧಕ್ಕೆ ಹಡಗಿನಲ್ಲೇ ಪಾಲು ಕೊಡುವುದು ಎಂದು ಮಾತಾಯಿತು. ಯಾರಿಗೆ ಎಷ್ಟು ಪಾಲೋ ಅಷ್ಟು ಹಲಗೆಗಳ ಮೇಲೆ ಅವರವರ ಗುರುತು ಕೊರೆಯುತ್ತಿದ್ದರು. ಹಡಗು ಮೊದಲ ಯಾತ್ರೆ ಮುಗಿಸಿ ಮರಳಿದ ಮೇಲೆ ಲಾಭವನ್ನು ಹಲಗೆಗಳ ಲೆಕ್ಕದಲ್ಲಿ ಹಂಚುವುದು.

ಆ ಬಂದರಿನಲ್ಲಿ ಒಂದು ಕಟ್ಟಳೆಯಿತ್ತು. ಹಡಗು ನೀರಿಗಿಳಿದ ದಿನವೇ ಪ್ರತಿಯೊಬ್ಬ ಪಾಲುದಾರ ತನ್ನ ಹಲಗೆಗಳಿಗೆ ಸುಂಕ ಕಟ್ಟಬೇಕು, ಅದೂ ನಗದಾಗಿ. ಕಟ್ಟದಿದ್ದರೆ ಹಲಗೆಗಳು ಅರಮನೆಯ ಪಾಲು. ನೀರಿಗಿಳಿದ ಹಡಗು ಮರಳಿ ಬರುವವರೆಗೆ ಹಲಗೆಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಮಾರುವುದಿದ್ದರೆ ಮುಂಚೆಯೇ. ಪ್ರತಿ ವರ್ಷ ಮಳೆಗಾಲಕ್ಕೆ ಕೆಲಸ ನಿಲ್ಲುವ ಮುನ್ನ ಬೇಕಾದವರು ಹಲಗೆ ಬಿಟ್ಟುಕೊಡಬಹುದಿತ್ತು, ಬೇಕಾದವರು ಕೊಳ್ಳಬಹುದಿತ್ತು. ಇದು ಎಲ್ಲರಿಗೂ ಗೊತ್ತಿದ್ದದ್ದೇ.

ಒಬ್ಬ ಬಡಗಿ ಮೊದಲ ಮರ ಕೊಯ್ದ ದಿನದಿಂದ ಅಲ್ಲಿದ್ದ. ಆಗ ಆ ಹಡಗನ್ನು ನಂಬುವವರೇ ಇರಲಿಲ್ಲ. ವರ್ತಕ ಕೈಬಿಚ್ಚಿ ಎಂಟು ಹಲಗೆ ಕೊಟ್ಟ. ಇನ್ನೊಬ್ಬ ಬಂದದ್ದು ಹಡಗು ಹಡಗಿನಂತೆ ಕಾಣತೊಡಗಿದ ಮೇಲೆ. ಅಷ್ಟರಲ್ಲಿ ವರ್ತಕನ ಕೈ ಬಿಗಿಯಾಗಿತ್ತು. ಈ ಕಿರಿಯ ಬಡಗಿಗೆ ಸಿಕ್ಕಿದ್ದು ಎರಡೇ ಹಲಗೆ.

ಮರ ಕೆತ್ತುವ ಬಾಚಿ ಹಿಡಿದರೆ ಕಿರಿಯನ ಕೈಯೇ ಮೇಲು. ಅದು ಅವನಿಗೂ ಗೊತ್ತು, ಊರಿಗೂ ಗೊತ್ತು. ಉರಿ ಇದ್ದದ್ದೇ ಅಲ್ಲಿ. ದಿನಾ ಬೆಳಗ್ಗೆ ಕೆಲಸಕ್ಕೆ ಬಂದರೆ ಕಣ್ಣಿಗೆ ಹೊಡೆಯುತ್ತಿದ್ದದ್ದು ಹಿರಿಯನ ಗುರುತು. ಆ ಹಲಗೆಗೆ ಇವನೇ ಮೊಳೆ ಹೊಡೆಯಬೇಕು, ಅದರ ಸಂದಿಗೆ ಇವನೇ ಹತ್ತಿ ತುರುಕಬೇಕು, ಇವನೇ ಎಣ್ಣೆ ಬಳಿಯಬೇಕು. ಮನೆಯಲ್ಲಿ ಉಣ್ಣಲು ಕುಳಿತರೂ ಅದೇ ಮಾತು. ಹೆಂಡತಿ ಕೇಳಿ ಕೇಳಿ ಸಾಕಾಗಿ, ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಮಳೆಗಾಲ ಹತ್ತಿರ ಬಂತು. ಹಿರಿಯ ಬಡಗಿ ಒಂದು ಹಲಗೆ ಬಿಟ್ಟುಕೊಟ್ಟ.

“ಯಾಕಣ್ಣ ಮಾರಿದೆ?” ಎಂದು ಕಿರಿಯ ಕೇಳಿದ.

“ಮನೆಗೆ ಹೆಂಚು ಹಾಕಿಸಬೇಕು ತಮ್ಮಾ. ಸುಂಕಕ್ಕೂ ಒಂದಿಷ್ಟು ಎತ್ತಿಡಬೇಕು. ದುಡಿಮೆಯೂ ಈ ಹಡಗಿನದ್ದೇ, ಉಳಿತಾಯವೂ ಈ ಹಡಗಿನಲ್ಲೇ ಅಂದರೆ, ಇದು ಮುಳುಗಿದ ದಿನ ನಾನೂ ಮುಳುಗಿದ ಹಾಗೆ. ನೀನೂ ಸುಂಕದ್ದು ನೋಡಿಕೋ.”

ಹೇಳಿದ್ದು ಒಳ್ಳೆಯ ಮಾತೇ. ಹೊಟ್ಟೆಕಿಚ್ಚಿನವನಿಗೆ ಅದು ಹತ್ತಬೇಕಲ್ಲ! ಕಿರಿಯನ ಕಿವಿಗೆ ಬಿದ್ದದ್ದು ಒಂದೇ: ಎಂಟಿದ್ದದ್ದು ಏಳಾಯಿತು. ಕೂಡಿಟ್ಟಿದ್ದ ಹಣವನ್ನೆಲ್ಲ ಸುರಿದು ಆ ಹಲಗೆಯನ್ನು ತಾನೇ ಕೊಂಡ. ಹಿರಿಯನ ಗುರುತನ್ನು ಕೆತ್ತಿ ತೆಗೆಯುವ ಕೆಲಸವನ್ನೂ ತಾನೇ ಕೇಳಿ ಪಡೆದ. ಬಾಚಿಯ ಒಂದೊಂದು ಏಟಿಗೂ ಅವನಿಗೆ ಹಿತವಾಯಿತು. ಅಂದು ಮನೆಗೆ ಹಾಡು ಗುನುಗುತ್ತ ಹೋದ.

ಮರುವರ್ಷ ಹಿರಿಯ ಇನ್ನೊಂದು ಬಿಟ್ಟುಕೊಟ್ಟ, ಮಗಳ ಮದುವೆಯಂತೆ. ಕಿರಿಯ ಹೆಂಡತಿಯ ಸರ ಅಡವಿಟ್ಟು ಕೊಂಡ. ಅದರ ಮರುವರ್ಷ ಮತ್ತೊಂದು. ಆಗ ಅಡವಿಗೆ ಹೋದದ್ದು ಮನೆ. ಇರುವ ಸೂರು ಇದೊಂದೇ, ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂದು ಹೆಂಡತಿ ಅತ್ತಳು. ಹಡಗು ಬರಲಿ, ಮಹಡಿ ಮನೆಯನ್ನೇ ಕಟ್ಟಿಸುತ್ತೇನೆ ಎಂದ. ಈಗ ಇಬ್ಬರಿಗೂ ಐದೈದು ಹಲಗೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಂಡಕಂಡವರಲ್ಲಿ ಕೈಗಡ ತಂದು ಬೇರೊಬ್ಬನಿಂದ ಇನ್ನೊಂದು ಕೊಂಡು ಆರು ಮಾಡಿಕೊಂಡ. ಅಂದು ಮೊದಲ ಬಾರಿಗೆ ಹಿರಿಯನ ಮುಖ ನೋಡಿ ಬಾಯ್ತುಂಬ ನಕ್ಕ.

ಹಡಗು ನೀರಿಗಿಳಿಯಿತು. ಊರಿಗೆ ಊರೇ ದಂಡೆಯಲ್ಲಿ ನೆರೆದಿತ್ತು. ಸುಂಕದವನು ಒಬ್ಬೊಬ್ಬರನ್ನೇ ಕರೆದ. ಹಿರಿಯ ಬಡಗಿ ಚೀಲ ಬಿಚ್ಚಿ ಐದು ಹಲಗೆಯ ಸುಂಕ ಕಟ್ಟಿದ. ಕಿರಿಯನ ಸರದಿ ಬಂತು. ಆರು ಹಲಗೆಯ ಒಡೆಯನ ಕೈಯಲ್ಲಿ ಬಿಡಿಗಾಸಿರಲಿಲ್ಲ. ಸಂಜೆಯೊಳಗೆ ಕಟ್ಟು ಎಂದು ಸುಂಕದವನು ಹೇಳಿದ. ಕಿರಿಯ ಊರೆಲ್ಲ ಸುತ್ತಿದ. ಅವನಿಗೆ ಈಗಾಗಲೇ ಸಾಲ ಕೊಟ್ಟಿದ್ದವರು ಅವನನ್ನು ಕಂಡು ಮುಖ ತಿರುಗಿಸಿದರು.

ಹಿರಿಯ ಬಡಗಿ ಅವನನ್ನು ಪಕ್ಕಕ್ಕೆ ಕರೆದ.

“ನನ್ನ ಹತ್ತಿರ ಇನ್ನೂ ಇದೆ. ತಗೊಂಡು ಕಟ್ಟು ತಮ್ಮಾ. ಹಡಗು ಬಂದ ಮೇಲೆ ಕೊಡುವೆಯಂತೆ.”

ಕೈ ಚಾಚಿದ್ದರೆ ಸಾಕಿತ್ತು. ಮನೆ ಉಳಿಯುತ್ತಿತ್ತು, ಸರ ಉಳಿಯುತ್ತಿತ್ತು. ಅದು ಕಿರಿಯನಿಗೂ ತಿಳಿದಿತ್ತು. ಆದರೆ ಇವನ ಆರು ಹಲಗೆ ಉಳಿಸಿಕೊಟ್ಟವನು ಆತನೇ ಎಂದು ನಾಳೆ ಊರು ಆಡಿಕೊಳ್ಳುತ್ತದಲ್ಲ! ಅದನ್ನು ನೆನೆದೇ ಅವನ ಮೈಯೆಲ್ಲ ಉರಿಯಿತು.

“ನಿನಗಿಂತ ದೊಡ್ಡವನಾಗಲು ನಿನ್ನ ಮುಂದೆಯೇ ಕೈಯೊಡ್ಡಬೇಕೇ?” ಎಂದು ಬೆನ್ನು ತಿರುಗಿಸಿ ನಡೆದ.

ಸಂಜೆ ಆರೂ ಹಲಗೆಗಳು ಅರಮನೆಗೆ ಸೇರಿದವು. ಸ್ವಲ್ಪ ದಿನಕ್ಕೆ ಮನೆಯೂ ಸಾಲ ಕೊಟ್ಟವನ ಕೈಸೇರಿತು.

ಹಡಗು ಮುಳುಗಲಿಲ್ಲ. ಹೊಟ್ಟೆತುಂಬ ಸರಕು ಹೊತ್ತು ಸುಖವಾಗಿ ಮರಳಿತು. ಲಾಭ ಹಂಚುವ ದಿನ ಕಿರಿಯ ಬಡಗಿಯೂ ದಂಡೆಗೆ ಬಂದಿದ್ದ. ವರ್ತಕ ಇನ್ನೊಂದು ಹಡಗು ಕಟ್ಟಿಸಲು ಬಡಗಿಗಳನ್ನು ಅಲ್ಲೇ ಕರೆಯುತ್ತಿದ್ದ. ಅತ್ತ ಕಿರಿಯ ತಿರುಗಿಯೂ ನೋಡಲಿಲ್ಲ. ಹಿರಿಯನ ಗಂಟು ಎಷ್ಟು ದಪ್ಪವಿದೆಯೆಂದು ಜನರ ನಡುವಿನಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಪಂಚಾಕ್ಷರಿಗೆ ತಡೆಯಲಾಗಲಿಲ್ಲ.

“ಕೊನೆಗೆ ಆ ಹಿರಿಯ ಬಡಗಿಗೆ ಎಷ್ಟು ಸಿಕ್ಕಿತು ಗುರುಗಳೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಆ ಕಿರಿಯನ ಮಕ್ಕಳು ಎಲ್ಲಿಗೆ ಹೋದರೆಂದು ನೀನು ಕೇಳಲಿಲ್ಲವಲ್ಲಪ್ಪಾ.”